ಸೂಜಿ ತಾಗುವ ಮುಂಚೆ

ಪುಟ್ಟಿ, ಮಣಿಕಟ್ಟಿನ ಮೇಲೆ ‘ಅಮ್ಮ’ ಅಂತ ಹಚ್ಚೆ ಹಾಕಿಸಿಕೊಳ್ಳುತ್ತೇನೆ ಎಂದೆಯಲ್ಲ, ಬೇಡ ಅನ್ನಲು ನನಗೆ ಬಾಯಿಲ್ಲ. ನನ್ನ ಅವ್ವನ ಮುಂಗೈ ತುಂಬ ಹಚ್ಚೆಯಿತ್ತು. ಸತ್ತಾಗ ಒಡವೆಯೆಲ್ಲ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರೋದು ಅನ್ನುತ್ತಿದ್ದಳು. ಬಾಗಿಲಿಗೆ ಬಂದ ಕೊರವಂಜಿ ಸೂಜಿಗಳನ್ನು ಕಟ್ಟಿ, ಕಾಡಿಗೆಯಲ್ಲಿ ಅದ್ದಿ ಅದ್ದಿ ಚುಚ್ಚಿದ್ದಳಂತೆ. ಚರ್ಮದೊಳಗೆ ಇಳಿದ ಕಪ್ಪು ಹೊರಗೆ ಹಸಿರಾಗಿ ಕಾಣುತ್ತದೆ; ಪಚ್ಚೆ ಎಂಬ ಮಾತೇ ಹಚ್ಚೆಯಾಗಿದೆ. ಅವತ್ತು ಓಣಿಯ ಹೆಣ್ಣುಮಕ್ಕಳಿಗೆಲ್ಲ ಅದೇ ಸೂಜಿ. ಅದರ ಅಪಾಯ ಆಗ ಯಾರಿಗೂ ತಿಳಿದಿರಲಿಲ್ಲ. 30 ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಾನು ಬಲ್ಲೆ.

ಹಚ್ಚೆ ಎಂದರೆ ಗಾಯ ಪುಟ್ಟಿ. ಚೆಂದದ ಗಾಯ, ಆದರೂ ಗಾಯವೇ. ಸೂಜಿ ಒಂದೆರಡು ಮಿಲಿಮೀಟರ್ ಒಳಗೆ ಬಣ್ಣ ಇಳಿಸುತ್ತದೆ. ಚರ್ಮದ ಮೇಲಿನ ಪದರ ಉದುರಿ ಹೊಸದಾಗುತ್ತಲೇ ಇರುತ್ತದೆ, ಒಳಗಿನದು ಹಾಗಲ್ಲ. ಅದಕ್ಕೇ ಅಲ್ಲಿಗಿಳಿದ ಬಣ್ಣ ಉಳಿಯುತ್ತದೆ. ಬೇರೆಯವರ ರಕ್ತ ತಾಗಿದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಬರಬಹುದು. ಇವುಗಳಲ್ಲಿ ಲಸಿಕೆ ಇರುವುದು ಹೆಪಟೈಟಿಸ್ ಬಿಗೆ ಮಾತ್ರ. ನಿನ್ನ ಹಳೆಯ ಲಸಿಕೆ ಕಾರ್ಡು ಹುಡುಕಿ ನೋಡು. ಹಾಕಿಸಿರದಿದ್ದರೆ ಈಗ ಹಾಕಿಸಿಕೋ: ಮೂರು ಚುಚ್ಚುಮದ್ದು, ಮುಗಿಯಲು 6 ತಿಂಗಳು. ಅಷ್ಟು ದಿನವಾ ಎಂದು ಮುಖ ಊದಿಸಬೇಡ. 6 ತಿಂಗಳ ಮೇಲೂ ಅದೇ ಅಕ್ಷರ, ಅದೇ ಜಾಗ ಬೇಕೆನಿಸಿದರೆ ನಿನ್ನ ಆಸೆ ಗಟ್ಟಿಯೆಂದು ನಾನೇ ಒಪ್ಪುತ್ತೇನೆ. ಲೇಸರ್‌ನಲ್ಲಿ ತೆಗೆಸಬಹುದು ಎಂಬ ಧೈರ್ಯ ಬೇಡ. ಅದಕ್ಕೆ ತಿಂಗಳುಗಟ್ಟಲೆ ಓಡಾಡಬೇಕು, ನಮ್ಮಂಥ ಕಂದು ಚರ್ಮದಲ್ಲಿ ಬಿಳಿ ಕಲೆ ಉಳಿದುಬಿಡಬಹುದು.

ನಿನ್ನ ಚಿಕ್ಕಮ್ಮನಿಗೆ ಕಿವಿ ಚುಚ್ಚಿಸಿದ ಜಾಗ ಉಬ್ಬಿ ಗಂಟಾಗಿದೆಯಲ್ಲ, ಅದು ಕೆಲಾಯ್ಡ್. ಮನೆತನದಲ್ಲಿ ಹರಿದು ಬರುವಂಥದ್ದು. ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸದೆ ಮುಂದುವರಿಯಬೇಡ.

ಇನ್ನು ಅಕ್ಷರ. ಹಚ್ಚೆ ಹಾಕುವವನಿಗೆ ಕನ್ನಡ ಓದಲು ಬರುತ್ತದೋ ಇಲ್ಲವೋ. ಕಂಪ್ಯೂಟರಿನಲ್ಲಿ ಫಾಂಟ್ ಕೆಟ್ಟರೆ ಒತ್ತಕ್ಷರ ಕಳಚಿ ಪಕ್ಕದಲ್ಲಿ ನಿಲ್ಲುತ್ತದೆ. ಮದುವೆ ಪತ್ರಿಕೆಯಲ್ಲಾದರೆ ಮತ್ತೆ ಅಚ್ಚು ಹಾಕಿಸಬಹುದು, ಕೈಮೇಲೆ ಆಗುವುದಿಲ್ಲ. ನೀನೇ ಕಾಗದದಲ್ಲಿ ದುಂಡಗೆ ಬರೆದುಕೊಂಡು ಹೋಗು. ನಿನ್ನ ಅಮ್ಮನ ಕೈಯಲ್ಲೇ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ತುಂಬ ಸಣ್ಣದಾಗಿ ಬೇಡ. ವರ್ಷ ಕಳೆದಂತೆ ಬಣ್ಣ ಹರಡುತ್ತದೆ, ನಮ್ಮ ಅಕ್ಷರದ ಸುಳಿಗಳೆಲ್ಲ ಮುಚ್ಚಿಹೋಗುತ್ತವೆ. ಚುಚ್ಚುವ ಮುಂಚೆ ಕೈಮೇಲೆ ಅಚ್ಚೊತ್ತುತ್ತಾರೆ. ಆಗ ಮ ಕೆಳಗಿನ ಒತ್ತು ತನ್ನ ಜಾಗದಲ್ಲಿದೆಯೇ, ಬೆರಳಿಟ್ಟು ನೋಡು.

ಆ ದಿನ ಹೊಟ್ಟೆ ತುಂಬ ಉಂಡು ಹೋಗು, ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುತ್ತದೆ. ಮುಂಚಿನ ದಿನಗಳಲ್ಲಿ ತಲೆನೋವೆಂದು ಆಸ್ಪಿರಿನ್ ನುಂಗಬೇಡ, ರಕ್ತ ಬೇಗ ನಿಲ್ಲುವುದಿಲ್ಲ. ಹೊಸ ಸೂಜಿಯ ಪೊಟ್ಟಣ ನಿನ್ನ ಕಣ್ಣೆದುರೇ ಒಡೆಯಲಿ, ಬಣ್ಣವೂ ನಿನಗೆಂದೇ ಹೊಸದಾಗಿ ಸುರಿದದ್ದಿರಲಿ. ಕೇಳಿದರೆ ಮುಖ ಸಿಂಡರಿಸುವ ಅಂಗಡಿಯಿಂದ ಎದ್ದು ಬಾ, ಮುಂಗಡ ಹೋದರೆ ಹೋಗಲಿ. ಆಮೇಲೆ ಎರಡು ಮೂರು ವಾರ ಈಜು ಬೇಡ, ಬಿಸಿಲು ಬೇಡ. ನವೆಯೆಂದು ಹಕ್ಕಳೆ ಕೀಳಬೇಡ, ಅರಿಶಿನವನ್ನೂ ಮೆತ್ತಬೇಡ. ಕೀವು, ಜ್ವರ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗು.

ಕೊನೆಯದು ನನ್ನ ಸ್ವಂತದ ಕೋರಿಕೆ. ನಿನ್ನನ್ನು ಹೆತ್ತ ರಾತ್ರಿ ನಿನ್ನ ಅಮ್ಮನಿಗೆ ಎರಡು ಬಾಟಲಿ ರಕ್ತ ಏರಿಸಿದರು. ಯಾರು ಕೊಟ್ಟದ್ದೋ, ನಮಗೆ ಹೆಸರೂ ಗೊತ್ತಿಲ್ಲ. ಹಚ್ಚೆ ಹಾಕಿಸಿಕೊಂಡರೆ ಮುಂದೆ 12 ತಿಂಗಳು ನೀನು ರಕ್ತ ಕೊಡುವಂತಿಲ್ಲ. ನಿನಗೆ 18 ತುಂಬಿದೆ, ತೂಕವೂ 45 ಕಿಲೋ ದಾಟಿದೆ. ಲಸಿಕೆ ಶುರು ಮಾಡುವ ಮುಂಚೆ ಒಂದು ಸಲ ಬ್ಲಡ್ ಬ್ಯಾಂಕಿಗೆ ಹೋಗಿ ರಕ್ತ ಕೊಟ್ಟು ಬಾ ಪುಟ್ಟಿ.