ಕಂತಿನ ಕಾಲ, ಸುಗ್ಗಿಯ ಕಾಲ

ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ವಿದ್ಯೆಯನ್ನು, ಎಂದರೆ ಜನರ ಬಾಯಲ್ಲಿ ಎಂ.ಬಿ.ಎ. ಎಂದು ಸಲ್ಲುವ ಓದನ್ನು, ಮಕ್ಕಳಿಗೆ ಕೊಡಿಸಲು ಹೊರಟ ತಂದೆತಾಯಿಗಳು ನನ್ನನ್ನು ಕೇಳುವ ಮೊದಲನೆಯ ಪ್ರಶ್ನೆ ಫೀ ಎಷ್ಟೆಂಬುದು; ಎರಡನೆಯದು ಸಾಲ ಸಿಕ್ಕೀತೇ ಎಂಬುದು. ಬ್ಯಾಂಕಿನಲ್ಲಿ ಕುಳಿತು ಇಂಥ ಅರ್ಜಿಗಳನ್ನು ಪರಿಶೀಲಿಸುತ್ತಿದ್ದ ಕಾಲದಲ್ಲಿಯೂ, ನಿವೃತ್ತನಾಗಿ ಬಾದಾಮಿಯ ಬಳಿಯ ಚೊಳಚಗುಡ್ಡದ ಮನೆಯ ಕಟ್ಟೆಯ ಮೇಲೆ ಅದೇ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿರುವ ಈಗಲೂ, ಇವೆರಡಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆ ಬೇರೊಂದಿದೆಯೆಂದು ನನಗೆ ತೋರುತ್ತ ಬಂದಿದೆ: ಆ ಮನೆಗೆ ಹಣ ಯಾವ ಯಾವ ತಿಂಗಳಲ್ಲಿ ಬರುತ್ತದೆ?

ನಮ್ಮ ಊರಿನ ಸುತ್ತಲಿನ ಕೆಲವೇ ಹರದಾರಿಗಳೊಳಗೆ ಹಣವು ಎಷ್ಟು ಬಗೆಯ ಕಾಲಗತಿಯನ್ನು ಅನುಸರಿಸುತ್ತದೆಂಬುದನ್ನು ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಬನಶಂಕರಿಯ ಆಸುಪಾಸಿನ ಎಲೆತೋಟಗಳಲ್ಲಿ ಬಳ್ಳಿಯಿಂದ ಎಲೆಯನ್ನು ಸರದಿಯ ಮೇಲೆ ಕೊಯ್ದು ಪೆಂಡಿ ಕಟ್ಟಿ ಮಾರುವುದರಿಂದ ಆ ಮನೆಗಳಿಗೆ ವರ್ಷವಿಡೀ ಸಣ್ಣ ಸಣ್ಣ ಮೊತ್ತ ಬರುತ್ತಿರುತ್ತದೆ. ಎರೆಹೊಲದ ಒಕ್ಕಲಿಗನಿಗಾದರೋ ಹಿಂಗಾರಿಯ ಬಿಳಿಜೋಳವೂ ಕಡಲೆಯೂ ಸಂಕ್ರಾಂತಿ ಕಳೆದ ಮೇಲೆಯೇ ಕೈಗೆ ಹತ್ತತಕ್ಕವು. ಗುಳೇದಗುಡ್ಡದಲ್ಲಿ ಖಣ, ಇಳಕಲ್ಲಿನಲ್ಲಿ ಸೀರೆ ನೇಯುವ ಮಗ್ಗದವರ ಮಜೂರಿ ಅವರ ಕೈಕೆಲಸದ ಬೆನ್ನಿಗೇ ಬರುತ್ತದೆ. ಬನದ ಹುಣ್ಣಿಮೆಯ ತೇರಿನೊಡನೆ ಆರಂಭವಾಗಿ ವಾರಗಟ್ಟಲೆ ನಡೆಯುವ ಬನಶಂಕರಿಯ ಜಾತ್ರೆಯಲ್ಲಿ ಬಾಗಿಲು ಚೌಕಟ್ಟುಗಳ ಬಡಿಗರಿಂದ ಹಿಡಿದು ನಾಟಕ ಕಂಪನಿಗಳವರೆಗೆ ವರ್ಷದ ಗಳಿಕೆಯ ದೊಡ್ಡ ಪಾಲನ್ನು ಸಂಪಾದಿಸುವವರಿದ್ದಾರೆ. ವಿದ್ಯಾಲಯಕ್ಕೆ ಈ ಯಾವ ಭೇದವೂ ತಿಳಿಯದು. ಪಿ.ಜಿ.ಸಿ.ಇ.ಟಿ. ಎಂಬ ಪ್ರವೇಶ ಪರೀಕ್ಷೆಯ ಮೂಲಕ ಸೀಟು ಹಂಚಿಕೆಯಾದಾಗ ಗೊತ್ತುಪಡಿಸಿದ ದಿನದೊಳಗೆ ಹಣ ತುಂಬಬೇಕು. ಬೀಜ ಗೊಬ್ಬರಕ್ಕೆ ಸುರಿದು ರೈತನ ಮನೆ ಬರಿದಾಗಿರುವ ಮಳೆಗಾಲದಲ್ಲಿಯೇ ಆ ದಿನ ಬಂದರೂ ಬರಬಹುದು.

ನನ್ನ ತಮ್ಮನ ಮಗಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸೀಟು ಪಡೆದಾಗ ಈ ಮಾತನ್ನು ನನಗಿಂತ ಚೆನ್ನಾಗಿ ಅವಳೇ ಆಡಿದಳು. “ದೊಡ್ಡಪ್ಪಾ, ಎಲ್ಲಾರೂ ಎಷ್ಟು ಅಂತ ಕೇಳ್ತಾರ, ಯಾವಾಗ ಅಂತ ಯಾರೂ ಕೇಳಂಗಿಲ್ಲ” ಎಂದಳು. ತಮ್ಮನದು ಎಲೆತೋಟ. ಅದೇ ವರ್ಷ ನೆರೆಯ ಮನೆಯ ಹುಡುಗನೂ ಇಂಥದೇ ಕಾಲೇಜಿಗೆ ಹೊರಟಿದ್ದನು. ಅವರದು ಮಳೆಯಾಶ್ರಯದ ಎರೆಹೊಲ. ಇಬ್ಬರೂ ಬಯಸಿದ ಸಾಲ 6 ಲಕ್ಷ ರೂಪಾಯಿ. ಬಡ್ಡಿ ನೂರಕ್ಕೆ ವರ್ಷಕ್ಕೆ ಹತ್ತೆಂದು ಇಟ್ಟುಕೊಂಡು ಇಬ್ಬರಿಗೂ ನಾನು ಒಂದೇ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆನು.

ಶಿಕ್ಷಣ ಸಾಲದಲ್ಲಿ ಓದಿನ ಅವಧಿಯೂ ಅದರ ಮುಂದಿನ ಒಂದು ವರ್ಷವೂ ಸಾಮಾನ್ಯವಾಗಿ ಕಂತಿಲ್ಲದ ಕಾಲ. ಕಂತಿಲ್ಲವೆಂದರೆ ಬಡ್ಡಿಯಿಲ್ಲವೆಂದು ಬಹುಜನರು ಭಾವಿಸುತ್ತಾರೆ. ವಸ್ತುತಃ ಹಣ ಬಿಡುಗಡೆಯಾದ ದಿನದಿಂದಲೇ ಸರಳಬಡ್ಡಿ ಬೆಳೆಯತೊಡಗುತ್ತದೆ. ಮೊದಲ ವರ್ಷದ ಆರಂಭದಲ್ಲಿ 3 ಲಕ್ಷ, ಎರಡನೆಯ ವರ್ಷದ ಆರಂಭದಲ್ಲಿ 3 ಲಕ್ಷ ಬಿಡುಗಡೆಯಾಯಿತೆನ್ನಿ. ಮೊದಲ ಮೊತ್ತಕ್ಕೆ ಮೂರು ವರ್ಷಗಳ ಬಡ್ಡಿ 90,000, ಎರಡನೆಯದಕ್ಕೆ ಎರಡು ವರ್ಷಗಳ ಬಡ್ಡಿ 60,000, ಒಟ್ಟು ಒಂದೂವರೆ ಲಕ್ಷ. ಇದು ಅಸಲಿಗೆ ಸೇರಿ ಏಳೂವರೆ ಲಕ್ಷವಾಗಿ, ಹತ್ತು ವರ್ಷಗಳ ಕಂತಿಗೆ ತಿಂಗಳಿಗೆ ಸುಮಾರು 9,900 ರೂಪಾಯಿಗಳಾಗುತ್ತವೆ. ಆ ಬಡ್ಡಿಯನ್ನು ಆಗಿಂದಾಗಲೇ ಕಟ್ಟುತ್ತ ಬಂದವನ ಕಂತು ಸುಮಾರು 7,930. ಹತ್ತು ವರ್ಷಗಳಲ್ಲಿ ಈ ಅಂತರ 2 ಲಕ್ಷ 38 ಸಾವಿರದ ಸಮೀಪಕ್ಕೆ ಹೋಗುತ್ತದೆ. ಕಂತಿಲ್ಲದ ಅವಧಿಯುದ್ದಕ್ಕೂ ಬಡ್ಡಿ ಕಟ್ಟಿದವರಿಗೆ ಬಡ್ಡಿದರದಲ್ಲಿ ಒಂದು ಅಂಶವನ್ನು ಕಡಿಮೆ ಮಾಡುವ ಬ್ಯಾಂಕುಗಳೂ ಉಂಟು; ಅದನ್ನು ಬಾಯಿಬಿಟ್ಟು ಕೇಳದಿದ್ದವರಿಗೆ ತಾವಾಗಿ ಹೇಳುವ ಅಧಿಕಾರಿಗಳು ವಿರಳವೆಂಬುದನ್ನು ಆ ವರ್ಗದಲ್ಲಿಯೇ ಇದ್ದ ನಾನು ಸಂಕೋಚವಿಲ್ಲದೆ ಬರೆಯಬಲ್ಲೆ.

ಎಲೆತೋಟದ ಮನೆಗೆ ಮೊದಲ ವರ್ಷ ತಿಂಗಳಿಗೆ 2,500, ಆಮೇಲೆ 5,000 ರೂಪಾಯಿ ಬಡ್ಡಿ ಕಟ್ಟುವುದು ಕಷ್ಟವಾದರೂ ಸಾಧ್ಯವಾಗಿತ್ತು. ಎರೆಹೊಲದ ಮನೆಗೆ ಆಷಾಢದಲ್ಲಿ ಎರಡು ಸಾವಿರವನ್ನು ಹೊಂದಿಸುವುದೂ ಅಸಾಧ್ಯ, ಮಾರ್ಚಿನಲ್ಲಿ ಮೂವತ್ತು ಸಾವಿರವನ್ನು ಒಮ್ಮೆಗೇ ತುಂಬುವುದು ಸುಲಭ. ಆದುದರಿಂದ ಅವರಿಗೆ ನಾನು ಹೇಳಿದ್ದೇನೆಂದರೆ, ಕಂತಿಲ್ಲದ ಕಾಲದ ಬಡ್ಡಿಯನ್ನು ಪ್ರತಿ ತಿಂಗಳೂ ಕಟ್ಟಬೇಕೆಂಬ ಬಲವಂತವಿಲ್ಲ, ಕಡಲೆ ಮಾರಿದ ವಾರವೇ ವರ್ಷದ ಬಡ್ಡಿಯನ್ನು ಸಾಲದ ಖಾತೆಗೆ ಹಾಕಿ ರಸೀದಿ ಪಡೆಯಿರಿ, ಉಳಿದ ಹಣ ಎಲ್ಲಿ ಬೇಕಾದರೂ ಹೋಗಲಿ ಎಂದು. ಬಡ್ಡಿಯನ್ನು ಬೆಳೆಯಗೊಡುವುದಕ್ಕಿಂತ ಅಪಾಯಕರವಾದದ್ದು ಸೀಟು ಹಿಡಿಯುವ ಅವಸರದಲ್ಲಿ ಮಾಡುವ ಕೈಗಡ. ನಮ್ಮ ಕಡೆ ನೂರಕ್ಕೆ ಮೂರರಂತೆ, ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು, ಬಡ್ಡಿಗೆ ಹಣ ಕೊಡುವವರು ಸದಾ ಸಿದ್ಧರಿರುತ್ತಾರೆ. ಜುಲೈಯಲ್ಲಿ ತಂದ 50,000 ರೂಪಾಯಿಗೆ ಫೆಬ್ರುವರಿಯ ರಾಶಿಯವರೆಗೆ 10,500 ಬಡ್ಡಿ. ಅದೇ ಹಣಕ್ಕೆ ಬ್ಯಾಂಕಿನಲ್ಲಿ ಮೂರು ಸಾವಿರವೂ ಆಗದು. ಪ್ರವೇಶ ಪರೀಕ್ಷೆಯ ಅರ್ಜಿ ತುಂಬುವ ದಿನವೇ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುವ ವಿದ್ಯಾಲಕ್ಷ್ಮಿ ಪೋರ್ಟಲಿನ ಕಾಗದಪತ್ರಗಳನ್ನೂ ಜೋಡಿಸಲಾರಂಭಿಸಿದ ಮನೆಗಳು ಈ ಕೈಗಡಕ್ಕೆ ಸಿಕ್ಕದಿರುವುದನ್ನು ನಾನು ಕಂಡಿದ್ದೇನೆ.

ಯಾವ ಕಾಲೇಜು ಎಂಬ ವಿಷಯದಲ್ಲಿ ಬ್ಯಾಂಕುಗಳ ನಡತೆ ಮೇಲುನೋಟಕ್ಕೆ ವಿಪರೀತವಾಗಿದೆ. 1973ರಲ್ಲಿ ಸ್ಥಾಪನೆಯಾದ, ಬಾಲಕೃಷ್ಣ ದೋಶಿಯವರು ರೂಪಿಸಿದ ಕಲ್ಲಿನ ಓಣಿಗಳುಳ್ಳ ಬೆಂಗಳೂರು ಬನ್ನೇರುಘಟ್ಟ ರಸ್ತೆಯ ಐ.ಐ.ಎಂ.ನಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷವನ್ನು ಮೀರಿದೆ. ಆದರೂ ಅಲ್ಲಿಗೆ ಆಯ್ಕೆಯಾದವನಿಗೆ ಅಡವಿಲ್ಲದೆ ಅಷ್ಟೂ ಹಣ ಕೊಡಲು ಬ್ಯಾಂಕುಗಳು ಮುಂದೆ ಬರುತ್ತವೆ. ಅದರ ಅರ್ಧದಷ್ಟೂ ಶುಲ್ಕವಿಲ್ಲದ ಸಾಮಾನ್ಯ ಕಾಲೇಜಿಗೆ ಹೊರಟವನ ಸಾಲ ಏಳೂವರೆ ಲಕ್ಷ ದಾಟಿದೊಡನೆ ಮನೆಯ ಉತಾರ ತರಬೇಕಾಗುತ್ತದೆ. ಮರಳಿ ಬರುವ ಭರವಸೆಯೇ ಬ್ಯಾಂಕಿಗೆ ಅಡವು ಎಂಬ ದೃಷ್ಟಿಯಿಂದ ಇದು ಯುಕ್ತವೇ ಇರಬಹುದು. ಐ.ಐ.ಎಂ. ಪ್ರವೇಶಕ್ಕೆ ಬೇಕಾದ ಕ್ಯಾಟ್ ಪರೀಕ್ಷೆಯ ತರಬೇತಿ ದೊರೆಯದ ಊರಿನಲ್ಲಿ ಹುಟ್ಟಿದವರಿಗೆ ಮಾತ್ರ ಇದು ನ್ಯಾಯವೆಂದು ತೋರದು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯೂ ಗುರುತಿಸಲ್ಪಟ್ಟ ಉನ್ನತ ಸಂಸ್ಥೆಗಳಿಗೇ ಸೀಮಿತವಾದದ್ದು. ಅಂಥಲ್ಲಿ ಸೇರಿದವರ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಬೇರೆ ಸರಕಾರಿ ನೆರವು ಇಲ್ಲದಿದ್ದಲ್ಲಿ, 10 ಲಕ್ಷದವರೆಗಿನ ಸಾಲಕ್ಕೆ ಕಂತಿಲ್ಲದ ಕಾಲದಲ್ಲಿ ಶೇಕಡಾ 3ರಷ್ಟು ಬಡ್ಡಿಯ ಸಹಾಯ ಸಲ್ಲುತ್ತದೆ. ಸೀಟು ಆರಿಸುವ ಮೊದಲು ಆ ಪಟ್ಟಿಯನ್ನು ತೆರೆದು ನೋಡುವುದು ಅವಶ್ಯ. ಇನ್ನೊಂದು ಭ್ರಮೆಯನ್ನೂ ಇಲ್ಲಿಯೇ ನಿವಾರಿಸಬೇಕು: ಇಳಕಲ್ಲಿನಿಂದಾಚೆ ಕುಷ್ಟಗಿಯವರಿಗೆ ಸಲ್ಲುವ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಬಾಗಲಕೋಟೆ ಜಿಲ್ಲೆಯ ನಮಗೆ ಸಲ್ಲದು, ಅದನ್ನು ನಂಬಿ ಆಯ್ಕೆಪಟ್ಟಿ ಬರೆದು ನಿರಾಶರಾದವರನ್ನು ಹುನಗುಂದದ ಕಡೆ ಕಂಡಿದ್ದೇನೆ.

ಸಮೀಪದ ಕಾಲೇಜನ್ನು ಹಗುರಾಗಿ ಕಾಣುವವರೂ ಒಂದು ಲೆಕ್ಕ ಮಾಡಬೇಕು. 1906ರಿಂದ ನಡೆದುಬಂದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಬಾಗಲಕೋಟೆಯಲ್ಲಿಯೇ, ಎಂ.ಬಿ.ಎ. ವಿಭಾಗವಿದೆ, ಬಾದಾಮಿ ನಿಲ್ದಾಣದಿಂದ ರೈಲು ಹಿಡಿದು ಹೋಗಿ ಬರುವವನಿಗೆ ಹಾಸ್ಟೆಲಿನ ಖರ್ಚೇ ಇಲ್ಲ. ಬೆಂಗಳೂರಿನಲ್ಲಿ ಶುಲ್ಕದ ರಸೀದಿಯಲ್ಲಿ ಕಾಣದ ವೆಚ್ಚಗಳೇ ನನ್ನ ತಮ್ಮನನ್ನು ದಣಿಸಿದವು. ಹಾರ್ವರ್ಡಿನಿಂದ ಜಗತ್ತಿಗೆಲ್ಲ ಹರಡಿದ ಕೇಸ್ ಪದ್ಧತಿಯ ಪಾಠವೆಂದರೆ ಒಂದು ಕಂಪನಿಯ ಸಂಕಟವನ್ನು ಮುಂದಿಟ್ಟುಕೊಂಡು ಐದಾರು ಜನರು ಕೂಡಿ ಚರ್ಚಿಸತಕ್ಕದ್ದು. ಆ ಚರ್ಚೆ ನಡೆಯುವುದು ರಾತ್ರಿ, ಬಹುಶಃ ಕಾಫಿಯ ಅಂಗಡಿಯಲ್ಲಿ, ಒಂದು ಕಪ್ಪಿಗೆ ನಮ್ಮೂರಿನ ಊಟದ ಬೆಲೆ ತೆತ್ತು. ಪ್ರೆಸೆಂಟೇಶನ್ನಿಗೆ ಬ್ಲೇಜರು, ಲ್ಯಾಪ್‌ಟಾಪು, ಕಾರ್ಖಾನೆಗಳ ಭೇಟಿಯ ಪ್ರವಾಸ, ಇವೆಲ್ಲ ಬೇರೆ. ಬೇಸಗೆಯ ಇಂಟರ್ನ್‌ಶಿಪ್ಪಿನಲ್ಲಿ ಸಂಬಳ ದೊರೆಯುವುದೆಂದು ತಮ್ಮನ ಮಗಳು ಎಣಿಸಿದ್ದಳು. ದೊರೆತದ್ದು ಪ್ರಮಾಣಪತ್ರ, ಎರಡು ತಿಂಗಳ ಪಿ.ಜಿ. ವಸತಿಯ ಬಾಡಿಗೆಯೂ ಮನೆಯಿಂದಲೇ ಹೋಯಿತು.

ಆ ಎರಡು ತಿಂಗಳ ಕೆಲಸ ವ್ಯರ್ಥವಾಯಿತೆಂದು ಮಾತ್ರ ಹೇಳಲಾರೆ. ಅವಳು ಆರಿಸಿಕೊಂಡ ವಿಷಯ ಇಳಕಲ್ಲ ಸೀರೆಯ ವ್ಯಾಪಾರ. ನೂಲನ್ನು ವ್ಯಾಪಾರಿಯೇ ಕೊಟ್ಟು, ಸೀರೆಯನ್ನು ವ್ಯಾಪಾರಿಯೇ ಒಯ್ದು, ನೇಕಾರನಿಗೆ ಮಜೂರಿಯನ್ನಷ್ಟೇ ಉಳಿಸುವ ಏರ್ಪಾಟನ್ನು ಅವಳು ವರ್ಕಿಂಗ್ ಕ್ಯಾಪಿಟಲ್ ಎಂಬ ಅಧ್ಯಾಯದ ಬೆಳಕಿನಲ್ಲಿ ವಿವರಿಸಿದಳು. ನೂಲು ಕೊಳ್ಳುವ ಹಣ ತನ್ನದಾಗಿಲ್ಲದವನಿಗೆ ಸೀರೆಯ ಬೆಲೆ ಹೇಳುವ ಅಧಿಕಾರವೂ ತನ್ನದಲ್ಲವೆಂಬುದು ಅವಳ ವರದಿಯ ಸಾರ. ಬನಶಂಕರಿಯನ್ನು ಕುಲದೇವತೆಯೆಂದು ನಂಬಿದ ದೇವಾಂಗರ ಮನೆಗಳಲ್ಲಿ ಕುಳಿತು ಅವಳು ಬರೆದುಕೊಂಡು ಬಂದ ಲೆಕ್ಕಗಳನ್ನು ನಾನು ಬ್ಯಾಂಕಿನ ಸೇವೆಯುದ್ದಕ್ಕೂ ಓದಿದ ಎಷ್ಟೋ ಯೋಜನಾ ವರದಿಗಳಿಗಿಂತ ಮೇಲೆಂದು ಎಣಿಸುತ್ತೇನೆ. ದೊಡ್ಡಪ್ಪನ ಪಕ್ಷಪಾತವೂ ಅದರಲ್ಲಿ ಸ್ವಲ್ಪ ಬೆರೆತಿರಬಹುದು.

ಕೆಲಸದ ವಿಚಾರದಲ್ಲಿ ಒಂದೇ ಮಾತು. ಕಾಲೇಜಿನ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಗರಿಷ್ಠ ಪ್ಯಾಕೇಜು ಒಬ್ಬನದು. ಸರಾಸರಿಯೂ ಅಂಥ ಒಬ್ಬಿಬ್ಬರಿಂದ ಮೇಲಕ್ಕೇರುತ್ತದೆ. ಸಂಬಳಗಳನ್ನು ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವನಿಗೆ ಎಷ್ಟು, ಮತ್ತು ಕೆಲಸವೇ ಸಿಕ್ಕದವರನ್ನು ಆ ಸಾಲಿನಲ್ಲಿ ಸೇರಿಸಿದ್ದಾರೆಯೇ, ಎಂದು ಕೇಳತಕ್ಕದ್ದು. ಆ ನಡುವಿನ ಸಂಬಳದಲ್ಲಿ ಕೈಗೆ ಬರುವ ತಿಂಗಳ ಹಣದ ಕಾಲು ಭಾಗಕ್ಕಿಂತ ಕಂತು ಹೆಚ್ಚಾಗುವುದಾದರೆ, ಬಾಗಲಕೋಟೆಯ ರೈಲನ್ನು ಮತ್ತೊಮ್ಮೆ ಯೋಚಿಸಬಹುದು.

ಈಗ ತಮ್ಮನ ಮಗಳು ದುಡಿಯುತ್ತಿದ್ದಾಳೆ, ಕಂತನ್ನು ತಾನೇ ಕಟ್ಟುತ್ತಿದ್ದಾಳೆ. ಶಿಕ್ಷಣ ಸಾಲದ ಬಡ್ಡಿಗೆ, ಅಸಲಿಗಲ್ಲ, ಎಂಟು ವರ್ಷಗಳವರೆಗೆ ಮಿತಿಯಿಲ್ಲದ ತೆರಿಗೆ ಕಡಿತವುಂಟು. ಆದರೆ ಅದು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ, ಹೊಸ ಪದ್ಧತಿಯ ಕಡಿಮೆ ದರಗಳ ಮುಂದೆ ಅವಳ ಸಂಬಳಕ್ಕೆ ಅದು ಲಾಭಕರವಾಗಿ ಕಾಣಲಿಲ್ಲ. ಪಿಂಚಣಿಯ ಮೇಲೆ ಹಳೆಯ ಪದ್ಧತಿಯಲ್ಲಿಯೇ ತೆರಿಗೆ ಕಟ್ಟುತ್ತಿರುವ ನಾನು ಆ ಬಡ್ಡಿಯನ್ನು ಕಟ್ಟಿ ಕಡಿತ ಪಡೆಯಲೇ ಎಂದು ವಿಚಾರಿಸಿ ನೋಡಿದೆನು. ತನ್ನ, ಸಂಗಾತಿಯ, ಮಕ್ಕಳ ಅಥವಾ ತಾನು ಕಾನೂನುಬದ್ಧ ಪೋಷಕನಾಗಿರುವ ವಿದ್ಯಾರ್ಥಿಯ ಓದಿಗಾಗಿ ತನ್ನ ಹೆಸರಿನಲ್ಲಿಯೇ ತೆಗೆದ ಸಾಲವಿರಬೇಕಂತೆ. ದೊಡ್ಡಪ್ಪಂದಿರನ್ನು ಕಾಯಿದೆ ಬರೆದವರು ಗಣನೆಗೆ ತೆಗೆದುಕೊಂಡಿಲ್ಲ.