ನಿಮ್ಮ ಹೆಸರು ಯಾವ ದಾಖಲೆಯಲ್ಲಿದೆ? ಕೇಳಿ ತಿಳಿಯುವ ಹಕ್ಕು ನಿಮಗಿದೆ

ಮಗುವಿಗೆ ಹಿಂಸೆಯಾಗುತ್ತಿದೆ ಎಂದು ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ, ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂಥ ಊರಿನಲ್ಲಿ ಸುದ್ದಿ ಹರಡಲು ಹೊತ್ತು ಬೇಕಿಲ್ಲ. ಆರೋಪ ಹೊತ್ತವರ ಕೈಗೆ ಮಾತ್ರ ಯಾವ ಕಾಗದವೂ ಬಂದಿರುವುದಿಲ್ಲ. ಸರ್ಕಾರದ ಪಟ್ಟಿಗೆ ಹೆಸರು ಸೇರಿತು, ಇನ್ನು ಶಾಲೆಯ ಕೆಲಸ ಹೋಯಿತು ಎಂಬ ಭಯ ಶುರುವಾಗುತ್ತದೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಅಧಿಕಾರಿಗಳ ವಿಚಾರಣೆಯಷ್ಟರಿಂದಲೇ ಹೆಸರು ಅಂಥ ಪಟ್ಟಿಗೆ ಸೇರುತ್ತದೆ. ಅಲ್ಲಿ ಮನೆಗೆ ನೋಟಿಸ್ ಬರುತ್ತದೆ; ನ್ಯೂಯಾರ್ಕ್‌ನಲ್ಲಿ ಅದನ್ನು ಪ್ರಶ್ನಿಸಲು 90 ದಿನಗಳ ಅವಕಾಶ. ನಮ್ಮಲ್ಲಿ 2018ರ ಸೆಪ್ಟೆಂಬರ್ 20ರಂದು ಆರಂಭವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶಕೋಶ ಇರುವುದು ಶಿಕ್ಷೆಯಾದವರಿಗೆ. ಅದನ್ನು ನೋಡುವವರು ಪೊಲೀಸರು ಮತ್ತು ತನಿಖಾ ಸಂಸ್ಥೆಗಳು ಮಾತ್ರ. ಬರೀ ದೂರಿನ ಮೇಲೆ ಯಾರೂ ಅದಕ್ಕೆ ಸೇರುವುದಿಲ್ಲ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ ಶಾಲೆ, ಶಿಶುವಿಹಾರಗಳ ಸಿಬ್ಬಂದಿಗೆಲ್ಲ ಪೊಲೀಸ್ ಪರಿಶೀಲನೆ ಕಡ್ಡಾಯ. ಹಾಗಾಗಿ ಎಫ್‌ಐಆರ್ ಆಗಿದೆಯೇ ಎಂದು ತಿಳಿಯಲೇಬೇಕು.

ಪೊಲೀಸ್ ವೆಬ್‌ಸೈಟಿನಲ್ಲಿ ಕಾಣದಿದ್ದರೆ ಕೇಸೇ ಇಲ್ಲ ಎಂದುಕೊಳ್ಳಬೇಡಿ. ಪೋಕ್ಸೊ ಎಫ್‌ಐಆರ್‌ಗಳನ್ನು ಅಲ್ಲಿ ಹಾಕುವುದಿಲ್ಲ. 2016ರ ಸೆಪ್ಟೆಂಬರ್ 7ರ ಸುಪ್ರೀಂ ಕೋರ್ಟ್ ತೀರ್ಪು ಎಫ್‌ಐಆರ್ ಪ್ರತಿ ಪಡೆಯಲು ದಾರಿ ತೋರಿದೆ: ಸೂಕ್ಷ್ಮ ಪ್ರಕರಣವೆಂದು ಪ್ರತಿ ಕೊಡದಿದ್ದರೆ ನಿಮ್ಮ ಗುರುತು ತಿಳಿಸಿ ಎಸ್‌ಪಿಯವರಿಗೆ ಮನವಿ ಕೊಡಿ. ಮೂವರು ಅಧಿಕಾರಿಗಳ ಸಮಿತಿ ಮೂರು ದಿನದೊಳಗೆ ಉತ್ತರಿಸಬೇಕು. ಅಲ್ಲೂ ಆಗದಿದ್ದರೆ ಆರೋಪಿ ನ್ಯಾಯಾಲಯದಲ್ಲಿ ದೃಢೀಕೃತ ಪ್ರತಿ ಕೇಳಬಹುದು. ರಾಮನಗರದ ಎಸ್‌ಪಿ ಕಚೇರಿಗೆ ಹೋದಾಗ ಮನವಿಯ ಎರಡು ಪ್ರತಿ ಒಯ್ಯಿರಿ; ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳದೆ ಬರಬೇಡಿ.

ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ದಾರಿ ಬೇರೆ. ನಿರ್ಲಕ್ಷ್ಯದ ಕಾರಣಕ್ಕೆ ಮಗುವನ್ನು ಬಾಲಮಂದಿರಕ್ಕೆ ಕಳಿಸಿದ್ದರೆ, ಬಾಲನ್ಯಾಯ ಕಾಯ್ದೆಯ 101ನೇ ಕಲಮಿನಡಿ ತಂದೆ-ತಾಯಿ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಗಡುವು 30 ದಿನ, ಅದೂ ಆದೇಶವಾದ ದಿನದಿಂದ. ಪ್ರತಿ ನಿಮ್ಮ ಕೈ ಸೇರಿದ್ದು ಇಪ್ಪತ್ತನೇ ದಿನವಾದರೆ ಉಳಿದದ್ದು ಹತ್ತೇ. ಬಡವರು ಸೋಲುವುದು ಹೆಚ್ಚಾಗಿ ಇಲ್ಲೇ ಎಂಬುದು ನನ್ನ ಸಂಕಟ. ತಡವಾದರೂ ಸಕಾರಣ ತೋರಿಸಿದರೆ ನ್ಯಾಯಾಲಯ ಮನ್ನಿಸಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 15100ಕ್ಕೆ ಕರೆ ಮಾಡಿ.

ದೂರು ಕೊಟ್ಟವರನ್ನು ಹುಡುಕಿ ಜಗಳಕ್ಕೆ ಹೋಗಬೇಡಿ. ಪೋಕ್ಸೊ ಅಪರಾಧ ಗೊತ್ತಿದ್ದೂ ತಿಳಿಸದಿರುವುದೇ ಶಿಕ್ಷಾರ್ಹ. ಎಫ್‌ಐಆರ್ ಪ್ರತಿ ಸಿಕ್ಕಿದ ಮೇಲೆ ನಿರಪರಾಧಿ ಎಂದು ತೋರಿಸಿಕೊಳ್ಳಲು ಅದನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದೂ ಬೇಡ. ಮಗುವಿನ ಹೆಸರು, ವಿಳಾಸ, ಶಾಲೆ ಹೊರಬಿದ್ದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.