ಗ್ರೀಸ್‌ಗೆ ಮೊದಲು ಬಾದಾಮಿ: ಟೀನೇಜ್ ಮಕ್ಕಳ ಜೊತೆ ಒಂದು ಚರಿತ್ರೆಯ ಪ್ರವಾಸ



ಬೇ ಏರಿಯಾದಲ್ಲಿ ಮಿಡ್ಲ್ ಸ್ಕೂಲ್ ಓದುವ ಮಕ್ಕಳಿರುವ ಮನೆಗಳಲ್ಲಿ ಗ್ರೀಸ್ ದೇಶದ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 6ನೇ ತರಗತಿಯ ಸಮಾಜ ಪಾಠವೆಂದರೆ ಪ್ರಾಚೀನ ನಾಗರಿಕತೆಗಳು: ಈಜಿಪ್ಟ್, ಗ್ರೀಸ್, ಭಾರತ, ಚೀನಾ, ರೋಮ್. ಅದರ ಜೊತೆಗೆ ಪರ್ಸಿ ಜ್ಯಾಕ್ಸನ್ ಕಥೆಗಳು ಸೇರಿಬಿಟ್ಟರೆ ಮುಗಿಯಿತು, ಊಟದ ಮೇಜಿನಲ್ಲೂ ಜ್ಯೂಸ್, ಅಥೀನಾರದ್ದೇ ಸುದ್ದಿ! 13 ವರ್ಷದ ನನ್ನ ಮಗಳು ಅಥೆನ್ಸ್, ಡೆಲ್ಫಿ, ಒಲಿಂಪಿಯಾ, ಕ್ರೀಟ್ ಎಂದು 10 ದಿನಗಳ ಪ್ರವಾಸದ ಪ್ಲಾನನ್ನು ಸ್ಲೈಡುಗಳ ಸಮೇತ ನಮ್ಮ ಮುಂದಿಟ್ಟಳು. ಆಫೀಸಿನಲ್ಲಿ ನಾನು ಮಾಡುವ ಪ್ರೆಸೆಂಟೇಶನ್‌ಗಿಂತ ಅದೇ ಚೆನ್ನಾಗಿತ್ತು.

ಕೊನೆಗೆ ನಾವು ಹೋಗಿದ್ದು ಹಂಪಿ, ಕೊಪ್ಪಳ, ಪಟ್ಟದಕಲ್ಲು, ಐಹೊಳೆ, ಬಾದಾಮಿಗೆ. ಹಾಗಂತ ಗ್ರೀಸನ್ನು ಕೈಬಿಡಲಿಲ್ಲ. ಗ್ರೀಸಿನ ಮೇಲಿನ ಅವಳ ಆಸೆಯನ್ನೇ ಹಿಡಿದುಕೊಂಡು ನಮ್ಮ ಊರಿನ ಕಲ್ಲುಗಳ ಹತ್ತಿರ ಹೋದೆವು. ಹೀಗೆ ಪ್ಲಾನ್ ಮಾಡುವುದು ಹೇಗೆ ಎಂಬುದೇ ಈ ಸಲದ ಪಾಠ.

1. ಮೊದಲು ಉಳಿದಿರುವ ರಜೆಗಳನ್ನು ಎಣಿಸಿ

ನಮ್ಮ ಮನೆಯ ಲೆಕ್ಕ ಇಷ್ಟು. ಮಗಳು 18ಕ್ಕೆ ಕಾಲೇಜಿಗೆ ಹೊರಡುತ್ತಾಳೆ, ಅಂದರೆ ಕೈಯಲ್ಲಿರುವುದು 5 ವರ್ಷ. ನಾವು ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ. ಹಾಗಾದರೆ ಎಲ್ಲರೂ ಒಟ್ಟಿಗೆ ಹೋಗುವ ಪ್ರವಾಸಗಳು ಇನ್ನು ಎರಡು, ಹೆಚ್ಚೆಂದರೆ ಮೂರು. ಗದಗದಲ್ಲಿರುವ ನನ್ನ ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು, ವಯಸ್ಸು 72, ಮೊಣಕಾಲು ನೋವು. ಪಾರ್ಥೆನಾನ್ ಕ್ರಿ.ಪೂ. 432ರಲ್ಲಿ ಮುಗಿದ ಕಟ್ಟಡ. ಇನ್ನು ನಾಲ್ಕು ವರ್ಷ ಬಿಟ್ಟು ಹೋದರೂ ಅದು ಅಲ್ಲೇ ಇರುತ್ತದೆ. ಅಪ್ಪನ ಮೊಣಕಾಲು ಅಷ್ಟು ದಿನ ಕಾಯುವುದಿಲ್ಲ.

ಈ ಲೆಕ್ಕವನ್ನು ಮುಚ್ಚಿಡದೆ ಮಗಳ ಮುಂದೆಯೇ ಇಟ್ಟೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಅಪ್ಪಾ, ಆದ್ರೆ ಬೆಳಗ್ಗಿಂದ ಸಾಯಂಕಾಲದ ತನಕ ಬರೀ ದೇವಸ್ಥಾನ, ಬರೀ ನಮಸ್ಕಾರ ಅಂದ್ರೆ ನಾನು ಬರಲ್ಲ" ಎಂದು ಷರತ್ತು ಹಾಕಿದಳು. ನ್ಯಾಯವಾದ ಷರತ್ತೇ. ಪ್ಲಾನ್ ಹಾಳೆಯ ಮೊದಲ ಸಾಲಿನಲ್ಲಿ ಅದನ್ನೇ ಬರೆದುಕೊಂಡೆವು.

2. ಹೋಲಿಸಿ ಗೆಲ್ಲಬೇಡಿ, ಕೊಂಡಿ ಹುಡುಕಿ

"ಅವರದ್ದೇನು ಮಹಾ, ನಮ್ಮದು ಅದಕ್ಕಿಂತ ದೊಡ್ಡದು" ಎಂದು ಶುರು ಮಾಡಿದರೆ ಈ ವಯಸ್ಸಿನ ಮಕ್ಕಳ ಕಿವಿ ಅಲ್ಲಿಗೇ ಮುಚ್ಚಿಹೋಗುತ್ತದೆ. ಬದಲಿಗೆ ಗ್ರೀಸಿಗೂ ಕರ್ನಾಟಕಕ್ಕೂ ನಿಜವಾಗಿ ಇರುವ ಕೊಂಡಿಗಳನ್ನು ಹೇಳಿ. ಅವೇನೂ ಕಡಿಮೆ ಇಲ್ಲ.

* ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡು ಎಂಬ ಎರಡು ಕಡೆ ಅಶೋಕನ ಶಾಸನಗಳಿವೆ. ಕಾಲ ಕ್ರಿ.ಪೂ. 3ನೇ ಶತಮಾನ, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇದೇ ಅಶೋಕ ಈಗಿನ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮೇಯಿಕ್ ಭಾಷೆಗಳಲ್ಲಿ ಶಾಸನ ಹಾಕಿಸಿದ. ಅದು ಸಿಕ್ಕಿದ್ದು 1958ರಲ್ಲಿ. ಒಬ್ಬನೇ ಅರಸ, ಒಂದು ತುದಿಯಲ್ಲಿ ಗ್ರೀಕ್ ಓದುವವರು, ಇನ್ನೊಂದು ತುದಿಯಲ್ಲಿ ನಮ್ಮ ಕೊಪ್ಪಳ!

* ಕ್ರಿ.ಶ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಗ್ರೀಕ್ ಭಾಷೆಯಲ್ಲಿ ಬರೆದ ಭೂಗೋಳ ಗ್ರಂಥದಲ್ಲಿ ಬನವಾಸಿಯ ಹೆಸರಿದೆ. ಅಲ್ಲಿ ಬರುವ ಇನ್ನು ಕೆಲವು ಹೆಸರುಗಳನ್ನು ಬಾದಾಮಿ, ಮುದಗಲ್ಲು ಎಂದು ವಿದ್ವಾಂಸರು ಗುರುತಿಸಿದ್ದಾರೆ.

* ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಒಂದು ಪಪೈರಸ್‌ನಲ್ಲಿ ಗ್ರೀಕ್ ಪ್ರಹಸನವೊಂದಿದೆ. ಕಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆ ಸಿಕ್ಕಿರುತ್ತಾಳೆ. ಅವಳ ಅಣ್ಣ ಮತ್ತು ಜೊತೆಗಾರರು ಅಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವಳನ್ನು ಹಡಗು ಹತ್ತಿಸಿಕೊಂಡು ಪರಾರಿಯಾಗುತ್ತಾರೆ. ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದರಲ್ಲಿ ಕನ್ನಡ ಇದೆ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಷ್ 1904ರಲ್ಲಿ ಬರೆದರು. ನಮ್ಮ ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಮುಂದುವರಿಸಿ ಚರ್ಚಿಸಿದರು. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಅದನ್ನೂ ಮಕ್ಕಳಿಗೆ ಹೇಳಿ. ವಾದ ಇನ್ನೂ ತೀರಿಲ್ಲ ಎಂದರೆ ಅವರ ಆಸಕ್ತಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

* ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಬೆಂಗಳೂರಿನಿಂದ ಹಂಪಿಗೆ ಹೋಗುವಾಗ ಅದು ದಾರಿಯಲ್ಲೇ ಇದೆ.

ಇವಿಷ್ಟನ್ನು ಹೊರಡುವ ಮೊದಲು ನಾಲ್ಕು ಭಾನುವಾರ, ವಾರಕ್ಕೊಂದರಂತೆ ಮಾತಾಡಿದೆವು. ಅಷ್ಟು ಸಾಕು, ಅರ್ಧ ಗಂಟೆ ಮೀರಿಸಬೇಡಿ.

3. ಕಾಲದಲ್ಲಿ ಹಿಂದಕ್ಕೆ ಹೋಗುವ ದಾರಿ

ನಮ್ಮ ದಾರಿ ಹೀಗಿತ್ತು: ಮೊದಲ ದಿನ ಬೆಂಗಳೂರಿನಿಂದ ಚಿತ್ರದುರ್ಗ ನೋಡಿಕೊಂಡು ಹೊಸಪೇಟೆ. ಎರಡು ದಿನ ಹಂಪಿ. ನಾಲ್ಕನೇ ದಿನ ಕೊಪ್ಪಳದಲ್ಲಿ ಇಳಿದು, ಶಾಸನ ನೋಡಿ, ಸಂಜೆಗೆ ಬಾದಾಮಿ. ಐದನೇ ದಿನ ಪಟ್ಟದಕಲ್ಲು, ಐಹೊಳೆ. ಆರನೇ ದಿನ ಪೂರ್ತಿ ಬಾದಾಮಿಗೆ.

ಈ ಕ್ರಮಕ್ಕೆ ಕಾರಣವಿದೆ. ಹಂಪಿಯಲ್ಲಿ ಕಾಣುವುದು ಹೆಚ್ಚಾಗಿ 14ರಿಂದ 16ನೇ ಶತಮಾನದ್ದು. ಪಟ್ಟದಕಲ್ಲು 8ನೇ ಶತಮಾನ, ಐಹೊಳೆಯ ಮೇಗುಟಿ 7, ಬಾದಾಮಿಯ ಗುಹೆಗಳು 6. ಕೊಪ್ಪಳವೊಂದು ಮಾತ್ರ ನಡುವೆ ಹಾಕಿದ ದೊಡ್ಡ ಜಿಗಿತ. ಕೋಡ್ ಓದುವವರಿಗೆ ಇದು ಗೊತ್ತಿರುವ ವಿದ್ಯೆ: ಗೊತ್ತಿರುವ ಆವೃತ್ತಿಯಿಂದ ಶುರು ಮಾಡಿ ಹಳೆಯದಕ್ಕೆ ಒಂದೊಂದೇ ಹೆಜ್ಜೆ ಹಿಂದೆ ಹೋಗುವುದು. ನೇರವಾಗಿ ಬಾದಾಮಿಯ ಬಂಡೆಯ ಮುಂದೆ ನಿಲ್ಲಿಸಿದರೆ "ನನಗೆ ಒಂದಕ್ಷರವೂ ಗೊತ್ತಾಗ್ತಿಲ್ಲ" ಎಂದು ಮಗು ಕೈಚೆಲ್ಲುತ್ತದೆ. ಹಂಪಿಯಿಂದ ಶುರು ಮಾಡಿದರೆ ಭಾನುವಾರದ ಕನ್ನಡ ತರಗತಿಯಲ್ಲಿ ಕಲಿತ ಅಕ್ಷರಗಳೇ ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ.

4. ಅಕ್ಷರ ಪಾಠ

ಮಗುವಿನ ಕೈಗೆ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಕೊಡಿ. ಆಟದ ನಿಯಮ ಸುಲಭ: ಪ್ರತಿ ಊರಿನಲ್ಲೂ ಐದು ಅಕ್ಷರ ಹುಡುಕಿ ಬರೆದುಕೊಳ್ಳಬೇಕು. ಅನೇಕ ಶಾಸನಗಳು "ಸ್ವಸ್ತಿ ಶ್ರೀ" ಎಂದು ಶುರುವಾಗುತ್ತವೆ, ಹಾಗಾಗಿ ಮೊದಲ ಸಾಲಿನ ಎಡ ತುದಿಯಿಂದ ಹುಡುಕಲು ಹೇಳಿ. ನಮ್ಮವಳಿಗೆ ಹಂಪಿಯಲ್ಲಿ "ಶ್ರೀ" ಸಿಕ್ಕಿದ ಮೇಲೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ.

ಕೊಪ್ಪಳದಲ್ಲಿ ತೋರಿಸಬೇಕಾದ್ದು ಬ್ರಾಹ್ಮಿಯ ರೂಪಗಳು. ಅಶೋಕನ ಬ್ರಾಹ್ಮಿಯಲ್ಲಿ "ಕ" ಎಂದರೆ ಬರಿಯ ಕೂಡಿಸುವ ಚಿಹ್ನೆ. "ಠ" ಎಂದರೆ ಒಂದು ವೃತ್ತ. ಇಂದಿನ ನಮ್ಮ "ಠ" ನೋಡಿ, 2,200 ವರ್ಷ ಕಳೆದರೂ ಆ ವೃತ್ತ ಹೆಚ್ಚುಕಡಿಮೆ ಹಾಗೇ ಉಳಿದಿದೆ. "ಥ" ಎಂದರೆ ವೃತ್ತದೊಳಗೆ ಒಂದು ಚುಕ್ಕಿ. ಹಳೆಯ ಗ್ರೀಕ್ ಶಾಸನಗಳ ಥೀಟಾ ಅಕ್ಷರವೂ ವೃತ್ತದೊಳಗಿನ ಚುಕ್ಕಿಯೇ! ಇದು ನೆಂಟಸ್ತಿಕೆಯೋ ಕಾಕತಾಳೀಯವೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಗಳ ನೋಟ್‌ಬುಕ್ಕಿನಲ್ಲಿ ಮಾತ್ರ ಎರಡೂ ಪಕ್ಕಪಕ್ಕದಲ್ಲಿ ಕೂತಿವೆ.

ಬಾದಾಮಿಯ ಕೆರೆಯ ಆಚೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದ್ದು. ಕನ್ನಡದ ತ್ರಿಪದಿ ಛಂದಸ್ಸು ಕಾಣಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಇದು ರಾಜನ ದಿಗ್ವಿಜಯದ ಕಥೆ ಅಲ್ಲ, ಒಬ್ಬ ಮನುಷ್ಯನ ಸ್ವಭಾವದ ವರ್ಣನೆ. ಟೀನೇಜ್ ಮಕ್ಕಳಿಗೆ ಇದೇ ಹೆಚ್ಚು ಹಿಡಿಸುತ್ತದೆ.

5. ಕಾಲದ ಲೆಕ್ಕ

ಶಾಸನದಲ್ಲಿ ಶಕ ವರ್ಷ ಇದ್ದರೆ ಅದಕ್ಕೆ 78 ಕೂಡಿಸಿ. ತಿಂಗಳನ್ನು ಅವಲಂಬಿಸಿ ಒಂದು ವರ್ಷ ಅತ್ತಿತ್ತ ಆಗಬಹುದು. ಬಾದಾಮಿಯ ಬೆಟ್ಟಕ್ಕೆ 1ನೇ ಪುಲಕೇಶಿ ಕೋಟೆ ಕಟ್ಟಿಸಿದ ಶಾಸನ ಶಕ 465, ಅಂದರೆ ಕ್ರಿ.ಶ. 543. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಶಕ 500, ಅಂದರೆ 578.

ಸ್ವಲ್ಪ ಕಷ್ಟದ ಲೆಕ್ಕ ಬೇಕಾದರೆ ಐಹೊಳೆಯ ಮೇಗುಟಿ ಇದೆ. ಅಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ ಸಂಸ್ಕೃತ ಶಾಸನವಿದೆ, ಲಿಪಿ ಹಳೆಯ ಕನ್ನಡ. ಕಾಳಿದಾಸ, ಭಾರವಿಯರ ಹೆಸರು ಬರುವುದೂ ಇದರಲ್ಲೇ. ರವಿಕೀರ್ತಿ ತಾರೀಖನ್ನು ಎರಡು ರೀತಿ ಕೊಟ್ಟಿದ್ದಾನೆ: ಶಕ 556, ಮತ್ತು ಭಾರತ ಯುದ್ಧದಿಂದ 3,735 ವರ್ಷ. ಕಲಿಯುಗದ ಎಣಿಕೆ ಶುರುವಾಗುವುದು ಕ್ರಿ.ಪೂ. 3102ಕ್ಕೆ. 3735ರಲ್ಲಿ 3102 ಕಳೆದರೆ 633, ಆದರೆ 556ಕ್ಕೆ 78 ಕೂಡಿಸಿದರೆ 634. ಈ ಒಂದು ವರ್ಷ ಎಲ್ಲಿ ಹೋಯಿತು? ಉತ್ತರವನ್ನು ನೀವು ಹೇಳಬೇಡಿ! ಕ್ರಿ.ಪೂ. 1ರ ನಂತರ ನೇರವಾಗಿ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆ ವರ್ಷವಿಲ್ಲ ಎಂಬುದನ್ನು ಮಗುವೇ ಕಂಡುಹಿಡಿಯಲಿ. ಗ್ರೀಕರು ಕ್ರಿ.ಪೂ. 776ರಿಂದ ನಾಲ್ಕು ವರ್ಷಕ್ಕೊಂದು ಒಲಿಂಪಿಯಾಡ್ ಎಂದು ಎಣಿಸುತ್ತಿದ್ದರು ಎಂಬುದನ್ನೂ ಜೊತೆಗೆ ಸೇರಿಸಿ.

6. ಕಲ್ಲಿನ ಎಂಜಿನಿಯರಿಂಗ್

ಬಾದಾಮಿಯ ಗುಹೆಗಳನ್ನು ಕಟ್ಟಿದ್ದಲ್ಲ, ಬಂಡೆಯಲ್ಲಿ ಕೊರೆದದ್ದು. ಒಂದು ಕಂಬ ಒಡೆದರೆ ಬೇರೆ ತಂದು ನಿಲ್ಲಿಸುವ ಹಾಗಿಲ್ಲ. ಅನ್‌ಡೂ ಬಟನ್ನೇ ಇಲ್ಲದ ಕೆಲಸ! ಐಹೊಳೆಯ ಲಾಡಖಾನ್ ಗುಡಿಯ ಮಾಡನ್ನು ನೋಡಿ. ಇಳಿಜಾರು ಚಪ್ಪಡಿಗಳ ಸಂದಿಗಳ ಮೇಲೆ ಮರದ ತೊಲೆಯಂತೆ ಕಾಣುವ ಉದ್ದನೆಯ ಕಲ್ಲುಗಳಿವೆ, ಮರದ ಮನೆಯ ನೆನಪು ಕಲ್ಲಿಗೆ ಬಂದಂತೆ. ಗ್ರೀಕ್ ಡೋರಿಕ್ ದೇಗುಲಗಳಲ್ಲಿ ಮೂರು ಗೀರಿನ ಟ್ರೈಗ್ಲಿಫ್ ಎಂಬ ಅಲಂಕಾರ ಕೂಡ ಮರದ ತೊಲೆಯ ತುದಿಯ ನಕಲು ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ.

ಪಟ್ಟದಕಲ್ಲಿನಲ್ಲಿ ಉತ್ತರದ ನಾಗರ ಶಿಖರ, ದಕ್ಷಿಣದ ದ್ರಾವಿಡ ಶಿಖರ ಎರಡೂ ಒಂದೇ ಅಂಗಳದಲ್ಲಿವೆ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಪಾರ್ಥೆನಾನ್ ಕಟ್ಟಿದ ಇಕ್ಟಿನೋಸ್, ಕಲ್ಲಿಕ್ರಾಟಿಸ್ ಹೆಸರು ನಮಗೆ ತಿಳಿದಿರುವುದು ಪುಸ್ತಕಗಳಿಂದ. ವಿರೂಪಾಕ್ಷದ ಶಿಲ್ಪಿ ಗುಂಡನ ಹೆಸರು ಆ ಗುಡಿಯ ಕಲ್ಲಿನ ಮೇಲೇ ಇದೆ. "ಅಪ್ಪಾ, ಇದು ಕಮಿಟ್ ಲಾಗ್ ಥರ ಅಲ್ವಾ?" ಎಂದಳು ಮಗಳು. ನನ್ನ ಕೆಲಸ ಏನೆಂದು ಅವಳಿಗೆ ಅರ್ಥವಾಗಿದೆ ಎಂಬುದೂ ಆಗಲೇ ನನಗೆ ತಿಳಿದದ್ದು!

7. ಕೆಲವು ವ್ಯಾವಹಾರಿಕ ಮಾತು

* ಡಿಸೆಂಬರ್ ರಜೆ ಎಲ್ಲಕ್ಕಿಂತ ಒಳ್ಳೆಯದು, ಆದರೆ ಹಂಪಿಯಲ್ಲಿ ಹೊಸ ವರ್ಷದ ಜನಜಂಗುಳಿ. ರೂಮನ್ನು ಮೊದಲೇ ಹೇಳಿಡಿ. ಬೇಸಿಗೆ ರಜೆಯಲ್ಲಿ ಹೋಗುವವರು ಮಳೆಯ ಸುದ್ದಿ ನೋಡಿಕೊಳ್ಳಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿಗೇ ನೀರು ನುಗ್ಗಿತ್ತು.
* ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ದಿನಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿ.
* ಓಸಿಐ ಕಾರ್ಡ್ ಇದ್ದವರಿಗೆ ಸ್ಮಾರಕಗಳ ಪ್ರವೇಶ ಶುಲ್ಕ ಭಾರತೀಯರಷ್ಟೇ, 2021ರಲ್ಲಿ ಆದೇಶವಾಗಿದೆ. ಕಾರ್ಡನ್ನು ಕೈಯಲ್ಲೇ ಇಟ್ಟುಕೊಳ್ಳಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.
* 16ರ ಒಳಗಿನವರ ಅಮೆರಿಕನ್ ಪಾಸ್‌ಪೋರ್ಟ್ 5 ವರ್ಷಕ್ಕೆ ಮುಗಿಯುತ್ತದೆ. ಹೊಸದು ಬಂದ ಮೇಲೆ ಓಸಿಐ ಜಾಲತಾಣದಲ್ಲಿ ಅದನ್ನು ಸೇರಿಸಲು ಮರೆಯಬೇಡಿ.
* ಬಾದಾಮಿ ಗುಹೆಗಳ ಹತ್ತಿರ ಕೈಯಲ್ಲಿ ತಿಂಡಿ ಕಂಡರೆ ಕೋತಿಗಳು ಬಿಡುವುದಿಲ್ಲ.
* ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ನೋಡುವುದು. ಮಧ್ಯಾಹ್ನ ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಆಮೇಲೆ ನಿದ್ದೆ. ಫೋನನ್ನೂ ಆಗ ಕೊಡಿ, ಜಗಳ ಬೇಡ.

8. ಏನು ಸಿಕ್ಕಿತು?

ಐಹೊಳೆಯಲ್ಲಿ ಮೇಗುಟಿಯ ಬೆಟ್ಟ ಹತ್ತಲು ಅಪ್ಪನಿಗೆ ಆಗಲಿಲ್ಲ. ಕೆಳಗೆ ಕಟ್ಟೆಯ ಮೇಲೆ ಕೂತರು. ಜೀವಮಾನವಿಡೀ ರವಿಕೀರ್ತಿಯ ಹೆಸರು ಹೇಳಿ ಪಾಠ ಮಾಡಿದವರು, ಆ ಗೋಡೆಯನ್ನು ಮಾತ್ರ ಕಣ್ಣಾರೆ ನೋಡಿರಲಿಲ್ಲ. ಮಗಳು ಮೇಲೆ ಹೋಗಿ ನೋಟ್‌ಬುಕ್ಕಿನ ಒಂದು ಪುಟ ತುಂಬ ಅಕ್ಷರ ಬರೆದುಕೊಂಡು ಬಂದು ಅಜ್ಜನ ಪಕ್ಕ ಕೂತಳು. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟರು. "ಅಲ್ಲವಾ, ಇದು ವ ಐತಿ ನೋಡು, ಚ ಅಲ್ಲ" ಎಂದು ತಿದ್ದಿದರು. ಅವಳು ಅಳಿಸಿ ಬರೆದಳು. ಹೀಗೆ ಮುಕ್ಕಾಲು ಗಂಟೆ. ನಾನೂ ನನ್ನ ಹೆಂಡತಿಯೂ ನಡುವೆ ಮಾತಾಡಲಿಲ್ಲ.

ಈಗ ಪ್ರತಿ ಶನಿವಾರ ರಾತ್ರಿ ಅಜ್ಜ ಮೊಮ್ಮಗಳ ವಿಡಿಯೋ ಕರೆ ಇರುತ್ತದೆ. ಮೊದಲು "ಊಟ ಆಯ್ತಾ, ಸ್ಕೂಲ್ ಹೆಂಗದ" ಎಂಬಲ್ಲಿಗೆ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಮಾತು ಈಗ ಹಳಗನ್ನಡದ "ೞ" ಎಲ್ಲಿ ಹೋಯಿತು ಎಂಬವರೆಗೆ ಬೆಳೆದಿದೆ. ಗ್ರೀಸ್ ಪ್ಲಾನ್ ಇನ್ನೂ ಇದೆ. ಡೆಲ್ಫಿಯಲ್ಲಿ ಗುಲಾಮರ ಬಿಡುಗಡೆಯ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಕೊರೆದ ಗೋಡೆಯೊಂದಿದೆ ಎಂದು ಓದಿ, ಅದನ್ನು ಮೊದಲ ಸ್ಲೈಡಿಗೆ ತಂದಿದ್ದಾಳೆ. ಗ್ರೀಕ್ ಅಕ್ಷರಮಾಲೆ ಕಲಿಯುತ್ತಿದ್ದಾಳೆ.

ಮನೆಗೆಲಸ: ಈ ವಾರಾಂತ್ಯ ಮಕ್ಕಳ ಜೊತೆ ಕೂತು ಎರಡು ಸಂಖ್ಯೆ ಬರೆಯಿರಿ. ಕಾಲೇಜಿಗೆ ಹೊರಡುವ ಮೊದಲು ಉಳಿದಿರುವ ಊರಿನ ಪ್ರವಾಸಗಳೆಷ್ಟು, ಅಜ್ಜ ಅಜ್ಜಿ ಜೊತೆಗೆ ಬರಬಲ್ಲ ಪ್ರವಾಸಗಳೆಷ್ಟು. ಎರಡನೆಯ ಸಂಖ್ಯೆ ಚಿಕ್ಕದಿದ್ದರೆ ಪ್ಲಾನ್ ಅಲ್ಲಿಂದಲೇ ಶುರುವಾಗಲಿ.

ಸಿರಿಗನ್ನಡಂ ಗೆಲ್ಗೆ!